ತೂಕವೂ ಮಾಟವೂ

ಅಕ್ಕಸಾಲಿ: ತಾವು ಪುಸ್ತಕದಲ್ಲಿ ತೋರಿಸಿದ ಈ ಪದಕದ ಚಿತ್ರವನ್ನು ಬಹಳ ಹೊತ್ತು ನೋಡಿದೆ. ಮೈ ಬೆಳ್ಳಿಯದು, ನಡುವಣ ಹಸಿರು ಕಲ್ಲು ಪಚ್ಚೆಯಲ್ಲ, ಬಣ್ಣವೂಡಿಸಿದ ಅಗೇಟ್, ಎಲ್ಲವನ್ನೂ ಕೂಡಿಸಿ ತೂಗಿದರೆ ಒಂದು ತೊಲದ ಆಚೀಚೆ ಇರಬಹುದು. ನಮ್ಮ ಕಸುಬಿನಲ್ಲಿ ಒಡವೆಯೊಂದು ಕೈಗೆ ಬಂದೊಡನೆ ಮೊದಲು ತಕ್ಕಡಿಗೇರುತ್ತದೆ, ಅನಂತರ ಒರೆಗಲ್ಲಿಗೆ ತಾಗುತ್ತದೆ. ಮಾಟದ ಮಾತು ಬರುವುದು ಎಲ್ಲಕ್ಕೂ ಕಡೆಯಲ್ಲಿ, ಕೂಲಿಯ ಲೆಕ್ಕ ಬರೆಯುವಾಗ. ಇಷ್ಟು ಹಗುರವಾದ ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವರೆಂದರೆ, ಅದರೊಳಗೆ ನನ್ನ ತಕ್ಕಡಿಗೆ ಸಿಕ್ಕದ ಏನೋ ಒಂದು ಇರಲೇಬೇಕು. ಅದೇನೆಂದು ತಿಳಿಯುವ ಆಸೆಯಾಗಿದೆ.

ಉಪಾಧ್ಯಾಯ: ತಮ್ಮ ಪ್ರಶ್ನೆಯೇ ಆ ಬಗೆಯ ಒಡವೆಗಳನ್ನು ಲೋಕಕ್ಕೆ ತಂದವನ ಬಾಳಿನ ಪ್ರಶ್ನೆಯೂ ಆಗಿದ್ದಿತು. ಅವನ ಹೆಸರು ಥಿಯೋಡೋರ್ ಫಾರ್ನರ್. ಜರ್ಮನಿಯ ನೈಋತ್ಯ ದಿಕ್ಕಿನಲ್ಲಿ, ಕಪ್ಪುಕಾಡಿನ ಉತ್ತರದ ಅಂಚಿನಲ್ಲಿ, ಎನ್ಸ್, ನಾಗೋಲ್ಡ್, ವ್ಯೂರ್ಮ್ ಎಂಬ ಮೂರು ಹೊಳೆಗಳು ಕೂಡುವೆಡೆಯಲ್ಲಿರುವ ಫೋರ್ಟ್ಸ್‌ಹೈಮ್ ನಗರದಲ್ಲಿ 1859ರಲ್ಲಿ ಹುಟ್ಟಿ, ಆ ನಗರದ ಕಸುಬನ್ನೇ ತನ್ನದಾಗಿ ಹಿಡಿದು, 1919ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ತೀರಿಕೊಂಡವನು. ದ್ರವ್ಯಮೂಲ್ಯದಲ್ಲಿ ಹಗುರವಾದ ಆಭರಣವು ಮಾಟದ ಬಲದಿಂದ ಘನವಾಗಬಲ್ಲುದು ಎಂಬ ಒಂದೇ ನಂಬಿಕೆಯ ಮೇಲೆ ಅವನು ತನ್ನ ಉದ್ಯಮವನ್ನು ನಿಲ್ಲಿಸಿದನು.

ಅಕ್ಕಸಾಲಿ: ನಗರದ ಕಸುಬೆಂದಿರಿ. ಒಂದು ಊರಿಗೆ ಊರೇ ಅಕ್ಕಸಾಲಿಗಳದೆ?

ಉಪಾಧ್ಯಾಯ: ಹಾಗೆಂದರೆ ತಪ್ಪಾಗದು, ಜರ್ಮನ್ ಜನ ಅದನ್ನು ಇಂದಿಗೂ ಚಿನ್ನದ ನಗರವೆಂದೇ ಕರೆಯುತ್ತಾರೆ. ಆದರೆ ಆ ಹೆಸರಿನ ಮೂಲವು ವೈಭವದಲ್ಲಿಲ್ಲ, ಒಂದು ಅನಾಥಾಲಯದಲ್ಲಿದೆ. 1767ರಲ್ಲಿ ಬಾಡನ್ ಸೀಮೆಯ ಅರಸನಾದ ಕಾರ್ಲ್ ಫ್ರೀಡ್‌ರಿಖ್, ತನ್ನ ಆಶ್ರಯದಲ್ಲಿದ್ದ ಅನಾಥ ಮಕ್ಕಳು ಕೈಕೆಲಸ ಕಲಿತು ತಮ್ಮ ಅನ್ನವನ್ನು ತಾವೇ ದುಡಿದುಕೊಳ್ಳುವಂತಾಗಲೆಂದೂ, ಬಡವಾಗಿದ್ದ ನಾಡಿಗೆ ಒಂದು ಹೊಸ ಉದ್ಯೋಗ ದೊರೆಯಲೆಂದೂ ಬಗೆದು, ಝಾನ್ ಫ್ರಾಂಸ್ವಾ ಓತ್ರಾನ್ ಎಂಬ ಗಡಿಯಾರದ ಕುಶಲಿಗೆ ಆ ಅನಾಥಾಲಯದ ಕಟ್ಟಡದಲ್ಲಿಯೇ ಒಂದು ಕಾರ್ಖಾನೆಯನ್ನು ತೆರೆಯಲು ಅನುಜ್ಞೆಯಿತ್ತನು. ಗಡಿಯಾರದಿಂದ ಆರಂಭವಾದ ಆ ಕೆಲಸ ಬಹುಬೇಗ ಆಭರಣಗಳಿಗೂ ಹಬ್ಬಿ, ಮುಂದಿನ ಶತಮಾನದಲ್ಲಿ ಮನೆಮನೆಯ ಜೀವನೋಪಾಯವಾಯಿತು. ಸುತ್ತಣ ಹಳ್ಳಿಗಳ ಬೇಸಾಯಗಾರರು ಬೆಳಗಾಗುವ ಮುನ್ನವೇ ಮೊಳೆ ಹೊಡೆದ ಜೋಡುಗಳನ್ನು ಮೆಟ್ಟಿಕೊಂಡು ನಗರದ ಕಾರ್ಖಾನೆಗಳಿಗೆ ನಡೆದುಬರುತ್ತಿದ್ದರು. ಕಲ್ಲುಹಾಸಿನ ಬೀದಿಯ ಮೇಲೆ ಆ ಜೋಡುಗಳು ಎಬ್ಬಿಸುತ್ತಿದ್ದ ಗಲಗಲ ಸದ್ದಿನಿಂದಲೇ ಅವರಿಗೆ ‘ರಾಸ್ಲರ್’ ಎಂಬ ಅಡ್ಡಹೆಸರು ಬಂದಿತು. ಹಗಲೆಲ್ಲ ಚಿನ್ನದ ತಗಡನ್ನು ಕೊರೆದು, ಸಂಜೆ ಮನೆಗೆ ಮರಳಿ ಹಸುವಿಗೆ ಹುಲ್ಲು ಹಾಕುವ ಬಾಳು ಅವರದಾಗಿತ್ತು.

ಅಕ್ಕಸಾಲಿ: ಅನಾಥ ಮಕ್ಕಳ ಕೈಯಿಂದ ಹುಟ್ಟಿದ ಕಸುಬು! ಈ ಮಾತನ್ನು ಮರೆಯಲಾರೆ. ಈ ಫಾರ್ನರನೂ ಹಾಗೆ ಬಡತನದಿಂದ ಬಂದವನೆ?

ಉಪಾಧ್ಯಾಯ: ಅಲ್ಲ. 1855ರಲ್ಲಿ, ಅವನು ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು, ಅವನ ತಂದೆ ಸೇಗರ್ ಎಂಬವನೊಡಗೂಡಿ ಉಂಗುರಗಳನ್ನು ಮಾಡುವ ಕಾರ್ಖಾನೆಯೊಂದನ್ನು ಕಟ್ಟಿದ್ದನು. ಒಡೆಯನ ಮಗ ನೇರವಾಗಿ ಲೆಕ್ಕಪತ್ರದ ಪೀಠವನ್ನೇರುವುದು ಲೋಕದ ವಾಡಿಕೆಯಷ್ಟೆ. ಈತನಾದರೋ ತನ್ನೂರಿನ ಕಲಾಶಾಲೆಯಲ್ಲಿ ಓದಿ, ಉಕ್ಕಿನಲ್ಲಿ ಅಚ್ಚು ಕೊರೆಯುವ ವಿದ್ಯೆಯನ್ನು ಕೈಯಾರೆ ಕಲಿತವನು. 1895ರಲ್ಲಿ ಉದ್ಯಮದ ಸಂಪೂರ್ಣ ಒಡೆತನ ಅವನಿಗೆ ಬಂದಾಗ, ಕಾರ್ಖಾನೆಯ ಯಾವ ಮೂಲೆಯ ಕೆಲಸವನ್ನೂ ಅವನು ಪರರ ಬಾಯಿಂದ ಕೇಳಿ ತಿಳಿಯಬೇಕಾಗಿರಲಿಲ್ಲ.

ಅಕ್ಕಸಾಲಿ: ಉಕ್ಕಿನ ಅಚ್ಚು ಕೊರೆಯುವುದೆಂದರೆ ಎಲ್ಲರಿಂದಲೂ ಆಗುವ ಮಾತಲ್ಲ. ಒಡವೆಯಲ್ಲಿ ಉಬ್ಬಾಗಬೇಕಾದುದನ್ನು ಅಚ್ಚಿನಲ್ಲಿ ತಗ್ಗಾಗಿ ಕೊರೆಯಬೇಕು. ಬಲವು ಎಡವಾಗಬೇಕು, ಎಡವು ಬಲವಾಗಬೇಕು. ಕಾಯಿಸಿ ಮೆತ್ತಗೆ ಮಾಡಿದ ಉಕ್ಕಿನಲ್ಲಿ ಇಷ್ಟನ್ನೂ ಮುಗಿಸಿದ ಮೇಲೆ ಅದನ್ನು ಮತ್ತೆ ಕೆಂಪಗೆ ಕಾಯಿಸಿ ತಣ್ಣನೆಯ ದ್ರವದಲ್ಲಿ ಅದ್ದಿ ಗಟ್ಟಿಗೊಳಿಸಬೇಕು. ಆ ಒಂದು ಗಳಿಗೆಯಲ್ಲಿ ಅಚ್ಚು ಬಿರಿಯಿತೆಂದರೆ ವಾರಗಳ ಶ್ರಮ ಮಣ್ಣುಪಾಲು. ಆದರೂ ನನ್ನ ಮನಸ್ಸಿನಲ್ಲಿ ಒಂದು ಅಳುಕಿದೆ. ಅಚ್ಚು ಒಮ್ಮೆ ಸಿದ್ಧವಾದರೆ ಅದರಿಂದ ನೂರು ಪದಕಗಳನ್ನು ಒತ್ತಬಹುದು. ಯಂತ್ರದ ಸುತ್ತಿಗೆ ಬಿದ್ದಷ್ಟು ಸಲ ಅದೇ ಹೂ, ಅದೇ ಬಳ್ಳಿ. ಒಂದು ಕೈ ಒಂದು ಒಡವೆಗೆ ಕೊಡುವ ಪ್ರೀತಿಯು ನೂರಕ್ಕೆ ಹಂಚಿಹೋದರೆ ಪ್ರತಿಯೊಂದಕ್ಕೆ ದಕ್ಕುವುದೆಷ್ಟು?

ಉಪಾಧ್ಯಾಯ: ತಮ್ಮ ಮನೆಯಲ್ಲಿ ಅಚ್ಚುಗಳೇ ಇಲ್ಲವೆ?

ಅಕ್ಕಸಾಲಿ: ಇಲ್ಲವೆಂದರೆ ಸುಳ್ಳಾಗುತ್ತದೆ. ನನ್ನ ಅಜ್ಜನ ಕಾಲದ ಕಂಚಿನ ಅಚ್ಚೊಂದು ಪೆಟ್ಟಿಗೆಯಲ್ಲಿದೆ. ಅದರ ಮುಖದ ತುಂಬ ಮಾವಿನಕಾಯಿ, ಗುಂಡು, ಎಲೆ, ಹೂವಿನ ಕುಳಿಗಳು. ತೆಳುವಾದ ತಗಡನ್ನಿಟ್ಟು ಬಡಿದು ಗುಂಡಿನ ಎರಡು ಹೋಳುಗಳನ್ನು ತೆಗೆದು ಬೆಸೆಯುವುದನ್ನು ನಾನು ಹತ್ತರ ವಯಸ್ಸಿಗೇ ಕಲಿತೆ. ತಾವು ಕೇಳಿದ ಮೇಲೆ ಹೊಳೆಯುತ್ತಿದೆ: ಅಜ್ಜನ ಕೈಯ ಪ್ರೀತಿ ಆ ಕುಳಿಗಳಲ್ಲಿ ಸೇರಿಕೊಂಡಿರುವುದರಿಂದಲೇ ಇಂದಿಗೂ ನಾನು ಬಡಿದ ಎಲೆ ಎಲೆಯಂತೆ ಕಾಣುತ್ತದೆ.

ಉಪಾಧ್ಯಾಯ: ಅಚ್ಚನ್ನು ಕೊರೆದವನ ಕೈಯಲ್ಲಿ ಚೆಲುವಿದ್ದರೆ ನೂರು ಪ್ರತಿಗಳಲ್ಲಿಯೂ ಅದು ಉಳಿಯುತ್ತದೆ, ಅವನು ಜಡನಾಗಿದ್ದರೆ ಒಂದೇ ಪ್ರತಿಯಿದ್ದರೂ ಅದು ಜಡವೇ. ಆ ಕಾಲದ ಕಾರ್ಖಾನೆಗಳಲ್ಲಿ ರೋಗವಿದ್ದುದು ಯಂತ್ರದಲ್ಲಲ್ಲ, ನಕಲಿನ ಚಪಲದಲ್ಲಿ. ರಾಜಮನೆತನದ ಸ್ತ್ರೀಯರು ವಜ್ರದಲ್ಲಿ ಧರಿಸುತ್ತಿದ್ದುದನ್ನೇ ಅಗ್ಗದ ಲೋಹದಲ್ಲಿ, ಗಾಜಿನಲ್ಲಿ ಒತ್ತಿ, ದೂರದಿಂದ ನೋಡಿದವರಿಗೆ ವಜ್ರವೆಂಬ ಭ್ರಾಂತಿಯಾದರೆ ಸಾಕೆಂದು ಮಾರುವ ಪದ್ಧತಿ ಎಲ್ಲೆಡೆಯೂ ಇದ್ದಿತು. ಅಗ್ಗದ ಒಡವೆಯು ತಾನು ಅಗ್ಗವೆಂದು ನಾಚಿಕೊಳ್ಳುತ್ತಿದ್ದ ಕಾಲವದು. ಫಾರ್ನರನಾದರೋ ಹಗುರವಾದ ಬೆಳ್ಳಿಗೆ ಅದರದೇ ಆದ ರೂಪವನ್ನು ಹುಡುಕಹೊರಟನು. ತಾನೊಬ್ಬ ಕುಶಲ ಕೊರೆತಗಾರನಾಗಿದ್ದರೂ, ಹೊಸ ರೂಪಗಳನ್ನು ಕಾಣಬಲ್ಲ ಕಣ್ಣುಗಳು ತನ್ನ ಕಾರ್ಖಾನೆಯ ಗೋಡೆಗಳಾಚೆಗೂ ಇವೆಯೆಂದು ಅರಿತು, ಚಿತ್ರಕಾರರನ್ನೂ ಶಿಲ್ಪಿಗಳನ್ನೂ ವಾಸ್ತುಶಿಲ್ಪಿಗಳನ್ನೂ ಕರೆದು ಒಡವೆಗಳ ವಿನ್ಯಾಸವನ್ನು ಬೇಡಿದನು. 1900ರ ಪ್ಯಾರಿಸ್ಸಿನ ವಿಶ್ವಪ್ರದರ್ಶನದಲ್ಲಿ ಮಾಕ್ಸ್ ಯೋಸೆಫ್ ಗ್ರಾಡ್ಲ್ ಎಂಬ ಕಲಾವಿದನು ರಚಿಸಿಕೊಟ್ಟ ಒಡವೆಗಳನ್ನು ಅವನು ಇಟ್ಟನು. ಅದೇ ಪ್ರದರ್ಶನದಲ್ಲಿ ಫ್ರಾನ್ಸಿನ ರೆನೆ ಲಾಲೀಕನು ಕೊಂಬು, ಗಾಜು, ಮೀನಾಕೆಲಸಗಳಿಂದ ರಚಿಸಿದ ಅದ್ಭುತಗಳು ಲೋಕವನ್ನೆಲ್ಲ ಬೆರಗುಗೊಳಿಸಿದವು. ಆದರೆ ಅವುಗಳಲ್ಲಿ ಎಷ್ಟೋ ಒಂದೊಂದೇ ಮಾಡಿದವು, ಧನಿಕರ ಪಾಲಿನವು. ಆ ಹೊಸ ಚೆಲುವನ್ನು ಸಾಮಾನ್ಯ ಗೃಹಿಣಿಯ ಕೊರಳಿನವರೆಗೆ ತಲುಪಿಸುವ ಕಾರ್ಯವನ್ನು ಫೋರ್ಟ್ಸ್‌ಹೈಮಿನ ಈ ಕಾರ್ಖಾನೆ ಕೈಗೊಂಡಿತು.

ಅಕ್ಕಸಾಲಿ: ಹೊಸ ಚೆಲುವೆಂದರೆ ಯಾವ ಬಗೆಯದು?

ಉಪಾಧ್ಯಾಯ: ಜರ್ಮನಿಯಲ್ಲಿ ಅದಕ್ಕೆ ಯೂಗೆಂಟ್‌ಶ್ಟೀಲ್, ಅಂದರೆ ಯೌವನಶೈಲಿ ಎಂದು ಹೆಸರು; 1896ರಲ್ಲಿ ಮ್ಯೂನಿಕ್ಕಿನಲ್ಲಿ ಆರಂಭವಾದ ‘ಯೂಗೆಂಟ್’ ಎಂಬ ಪತ್ರಿಕೆಯಿಂದ ಬಂದ ಹೆಸರು. ಹಳೆಯ ಅರಮನೆಗಳ ಅಲಂಕಾರಗಳನ್ನು ಮತ್ತೆ ಮತ್ತೆ ನಕಲು ಮಾಡುವುದನ್ನು ಬಿಟ್ಟು, ಬಳ್ಳಿಯ ಬಳುಕು, ನೀರಿನ ಸುಳಿ, ಕಾಂಡದ ಬಾಗುಗಳಿಂದ ರೇಖೆಯನ್ನು ಕಲಿತುಕೊಂಡ ಶೈಲಿಯದು. ಅದರ ಒಂದು ಮುಖ್ಯ ನೆಲೆ ಡಾರ್ಮ್‌ಶ್ಟಾಟ್ ನಗರ. 1899ರಲ್ಲಿ ಹೆಸ್ಸೆನ್ ಸೀಮೆಯ ಒಡೆಯನಾದ ಎರ್ನ್ಸ್ಟ್ ಲೂಡ್ವಿಗ್, ಕಲೆಯೂ ಕಸುಬೂ ಕೂಡಿ ನಡೆದರೆ ನಾಡು ಏಳಿಗೆಯಾಗುವುದೆಂದು ನಂಬಿ, ಏಳು ಮಂದಿ ಕಲಾವಿದರನ್ನು ಕರೆಸಿ ಮಥಿಲ್ಡೆನ್‌ಹೋಯೆ ಎಂಬ ದಿಬ್ಬದ ಮೇಲೆ ನೆಲೆ ಕೊಟ್ಟನು. ವಿಯೆನ್ನಾದ ಸೆಸೆಷನ್ ಭವನವನ್ನು ಕಟ್ಟಿದ ಓಲ್ಬ್ರಿಖ್, ಶಿಲ್ಪಿಗಳಾದ ಹಾಬಿಖ್ ಮತ್ತು ಬೋಸೆಲ್ಟ್, ಎಲ್ಲರಿಗಿಂತ ತರುಣರ ಸಾಲಿನ ಪಾಟ್ರಿಟ್ಸ್ ಹೂಬರ್ ಮೊದಲಾದವರು ಅಲ್ಲಿದ್ದರು. ಇವರಲ್ಲಿ ಹಲವರು ಫಾರ್ನರನಿಗಾಗಿ ಒಡವೆಗಳನ್ನು ರಚಿಸಿದರು. ಮನೆಗಳನ್ನು ಕಟ್ಟುವ ಕೈ ಬೆರಳುದ್ದದ ಪದಕಕ್ಕೂ ಅದೇ ಗೌರವದಿಂದ ರೇಖೆಯೆಳೆದುದು ಸಣ್ಣ ಸಂಗತಿಯಲ್ಲ.

ಅಕ್ಕಸಾಲಿ: ಚಿತ್ರದ ಪದಕ ಇವರಲ್ಲಿ ಯಾರದು?

ಉಪಾಧ್ಯಾಯ: ಹೂಬರನದು. ಅವನು 1878ರಲ್ಲಿ ಶ್ಟುಟ್‌ಗಾರ್ಟಿನಲ್ಲಿ ಹುಟ್ಟಿದವನು. ಇತರರ ಒಡವೆಗಳಲ್ಲಿ ಹೂಗಳೂ ಕನ್ಯೆಯರ ಮುಖಗಳೂ ತುಂಬಿ ತುಳುಕುತ್ತಿದ್ದ ಕಾಲದಲ್ಲಿ ಇವನು ಎಲ್ಲವನ್ನೂ ತೊರೆದು, ಎರಡು ಸುರುಳಿ, ಒಂದು ಬಾಗು, ನಡುವೆ ಒಂದು ಕಲ್ಲು ಎಂಬಷ್ಟಕ್ಕೆ ಬಂದು ನಿಂತನು. ಆ ಮಿತವ್ಯಯದಲ್ಲಿ ಎಂತಹ ಸಮತೂಕವಿದೆಯೆಂಬುದನ್ನು ತಾವೇ ಕಂಡಿದ್ದೀರಿ. ಆದರೆ ಅವನಿಗೆ ಆಯುಷ್ಯವಿರಲಿಲ್ಲ. 1902ರಲ್ಲಿ ಬರ್ಲಿನ್ನಿಗೆ ಹೋಗಿ, ಅದೇ ವರ್ಷ, 24ರ ಹರೆಯದಲ್ಲಿ, ತನ್ನ ಕೈಯಿಂದಲೇ ಪ್ರಾಣವನ್ನು ನೀಗಿಕೊಂಡನು. ಕೆಲವೇ ವರ್ಷಗಳ ಕೆಲಸ. ಆದರೂ ಅವನ ರೇಖೆಯನ್ನು ಬಲ್ಲವರು ಇಂದಿಗೂ ನೋಡಿದ ಕೂಡಲೇ ಗುರುತಿಸುತ್ತಾರೆ.

ಅಕ್ಕಸಾಲಿ: ಇಪ್ಪತ್ತನಾಲ್ಕು! ಕಸುಬಿನಲ್ಲಿ ಕೈ ಕುದುರುವ ವಯಸ್ಸು ಅದು. ಅವನ ಹೆಸರು ಹೇಗೆ ಉಳಿಯಿತು? ಒಡವೆಯನ್ನು ಮಾರಿದವನು ಫಾರ್ನರನಲ್ಲವೆ?

ಉಪಾಧ್ಯಾಯ: ಇಲ್ಲಿಗೇ ತಮ್ಮನ್ನು ಕರೆತರಬೇಕೆಂದಿದ್ದೆ. ಪುಸ್ತಕದ ಪುಟವನ್ನು ತಿರುವಿದರೆ ಪದಕದ ಹಿಂಬದಿಯ ಚಿತ್ರವೂ ಇದೆ. ಅಲ್ಲಿ ಮೂರು ಗುರುತುಗಳನ್ನು ಒತ್ತಿದೆ. ಮೊದಲನೆಯದು 935 ಎಂಬ ಅಂಕಿ: ಸಾವಿರ ಭಾಗದಲ್ಲಿ 935 ಭಾಗ ಶುದ್ಧ ಬೆಳ್ಳಿ ಎಂಬ ಪ್ರತಿಜ್ಞೆ. ಎರಡನೆಯದು ಟಿ ಮತ್ತು ಎಫ್ ಎಂಬ ಎರಡು ಅಕ್ಷರಗಳನ್ನು ಕೂಡಿಸಿದ ಮುದ್ರೆ. 1901ರಲ್ಲಿ ಫಾರ್ನರನು ನೋಂದಾಯಿಸಿದ್ದು. ಮೂರನೆಯದು ಪಿ ಮತ್ತು ಎಚ್, ಪಾಟ್ರಿಟ್ಸ್ ಹೂಬರನ ಮುದ್ರೆ. ಕಲ್ಪಿಸಿದವನ ಹೆಸರನ್ನು ಒಡೆಯನು ತನ್ನ ಹೆಸರಿನ ಪಕ್ಕದಲ್ಲಿಯೇ ಒತ್ತಿದ್ದಾನೆ. ಕಾರ್ಖಾನೆಯ ಸರಕಿನಲ್ಲಿ ಕಲಾವಿದನ ಹೆಸರು ಕಾಣುವುದು ಆ ಕಾಲಕ್ಕೆ ಅಪರೂಪವಾಗಿತ್ತು.

ಅಕ್ಕಸಾಲಿ: ಈ ಒಂದು ಕಾರಣಕ್ಕೇ ಅವನನ್ನು ಗೌರವಿಸುತ್ತೇನೆ. ಆದರೂ ಕಲ್ಲಿನ ವಿಷಯದಲ್ಲಿ ನನ್ನ ಸಂದೇಹ ಹೋಗಿಲ್ಲ. ಬಣ್ಣವೂಡಿಸಿದ ಕಲ್ಲೆಂದರೆ ನಮ್ಮಲ್ಲಿ ಕಳ್ಳಕಲ್ಲು. ಬೆಳ್ಳಿಯ ಶುದ್ಧಿಗೆ ಪ್ರತಿಜ್ಞೆ ಮಾಡುವವನು ಕಲ್ಲಿನಲ್ಲಿ ಮೋಸವನ್ನೇಕೆ ಸಹಿಸಿದ?

ಉಪಾಧ್ಯಾಯ: ಮೋಸವೆಂಬುದು ವಸ್ತುವಿನಲ್ಲಿಲ್ಲ, ಅದರ ಬಗ್ಗೆ ನಾವಾಡುವ ಮಾತಿನಲ್ಲಿದೆ. ಇಡಾರ್ ಮತ್ತು ಓಬರ್‌ಸ್ಟೈನ್ ಎಂಬ ಜರ್ಮನ್ ಊರುಗಳಲ್ಲಿ ಹೊಳೆಯ ನೀರಿನಿಂದ ತಿರುಗುವ ದೊಡ್ಡ ಸಾಣೆಕಲ್ಲುಗಳ ಮುಂದೆ ಬೋರಲಾಗಿ ಮಲಗಿಕೊಂಡು ಅಗೇಟ್ ತೇಯುವ ಜನ ಶತಮಾನಗಳಿಂದ ಇದ್ದರು. ಕಲ್ಲನ್ನು ಜೇನಿನಲ್ಲೋ ಸಕ್ಕರೆಯ ಪಾಕದಲ್ಲೋ ನೆನೆಯಿಟ್ಟು, ಬಳಿಕ ಗಂಧಕಾಮ್ಲದಲ್ಲಿ ಹಾಕಿದರೆ, ಒಳಸೇರಿದ ಸಿಹಿ ಕರಿದಾಗಿ ಕಲ್ಲು ಕಪ್ಪಾಗುತ್ತದೆ. ಕ್ರೋಮಿಯಂ ಲವಣದಲ್ಲಿ ನೆನೆಸಿ ಕಾಯಿಸಿದರೆ ಹಸಿರು ಮೂಡುತ್ತದೆ. ಹಸಿರು ಅಗೇಟನ್ನು ಪಚ್ಚೆಯೆಂದು ಮಾರಿದರೆ ಅದು ಕಳ್ಳತನ. ಹಸಿರು ಅಗೇಟ್ ಎಂದೇ ಮಾರಿದರೆ ಅದು ಬಣ್ಣಗಾರನ ವಿದ್ಯೆ. ಫಾರ್ನರನ ಒಡವೆಗಳಲ್ಲಿ ಕಲ್ಲು ಪಚ್ಚೆಯ ವೇಷ ಹಾಕುವುದಿಲ್ಲ. ಪಾರದರ್ಶಕವಲ್ಲದ ತನ್ನ ಮಂದ ಹಸಿರಿನಲ್ಲಿಯೇ, ನುಣ್ಣನೆ ಗುಮ್ಮಟದಂತೆ ತೇಯಿಸಿಕೊಂಡು, ಬೆಳ್ಳಿಯ ಬಿಳುಪಿಗೆ ಒಪ್ಪುವಷ್ಟು ಮಾತ್ರ ಮಾತಾಡುತ್ತದೆ.

ಅಕ್ಕಸಾಲಿ: ಬೆಲೆಯಿಲ್ಲದ ವಸ್ತುವಿಗೆ ಜನ ಗೌರವ ಕೊಟ್ಟದ್ದಕ್ಕೆ ಆ ನಾಡಿನಲ್ಲಿ ಮೊದಲೇ ಏನಾದರೂ ನಿದರ್ಶನವುಂಟೆ? ಒಬ್ಬನ ನಂಬಿಕೆಯಿಂದಲೇ ಕೊಳ್ಳುವವರ ಮನಸ್ಸು ತಿರುಗಲಾರದು.

ಉಪಾಧ್ಯಾಯ: ಉಂಟು, ಮತ್ತು ಅದು ಮನಕಲಕುವ ಕಥೆ. 1813ರಲ್ಲಿ, ನೆಪೋಲಿಯನ್ನನ ವಿರುದ್ಧ ಯುದ್ಧಕ್ಕೆ ನಿಂತ ಪ್ರಷ್ಯಾದ ಬೊಕ್ಕಸ ಬರಿದಾಗಿದ್ದಾಗ, ಅಲ್ಲಿನ ಸ್ತ್ರೀಯರು ತಮ್ಮ ಮದುವೆಯ ಉಂಗುರಗಳನ್ನೂ ಚಿನ್ನದ ಒಡವೆಗಳನ್ನೂ ದೇಶಕ್ಕೆ ಕೊಟ್ಟು, ಅದಕ್ಕೆ ಪ್ರತಿಯಾಗಿ ಕಬ್ಬಿಣದ ಉಂಗುರಗಳನ್ನು ಪಡೆದರು. ಬರ್ಲಿನ್ನಿನ ಎರಕದ ಕುಶಲಿಗಳು ಕಬ್ಬಿಣವನ್ನು ಜರತಾರಿಯ ಕಸೂತಿಯಷ್ಟು ನವುರಾಗಿ ಎರಕಹೊಯ್ದು ಕೊರಳಹಾರಗಳನ್ನೂ ಓಲೆಗಳನ್ನೂ ಮಾಡುತ್ತಿದ್ದರು. ಆ ದಿನಗಳಲ್ಲಿ ಕಪ್ಪು ಕಬ್ಬಿಣವನ್ನು ತೊಟ್ಟವಳು ತಲೆಯೆತ್ತಿ ನಡೆದಳು. ಚಿನ್ನವನ್ನು ತೊಟ್ಟವಳು ನಾಚಬೇಕಾಯಿತು. ಲೋಹದ ಗೌರವವನ್ನು ಲೋಹವೇ ನಿರ್ಧರಿಸುವುದಿಲ್ಲವೆಂಬ ಪಾಠವನ್ನು ಆ ಜನ ಒಮ್ಮೆ ಕಲಿತಿದ್ದರು.

ಅಕ್ಕಸಾಲಿ: ಒಡವೆಯು ಆಪತ್ತಿಗೆ ಒದಗುವ ಧನವೆಂದು ನಾವು ಹೇಳುತ್ತೇವೆ. ಆ ಹೆಂಗಸರು ಆಪತ್ತಿಗೆ ಅದನ್ನು ಒದಗಿಸಿದ ಮೇಲೂ ಒಡವೆಯಿಲ್ಲದವರಾಗಲಿಲ್ಲ! ಸರಿ, ಫಾರ್ನರನ ವ್ಯಾಪಾರ ಜರ್ಮನಿಯೊಳಗೇ ನಿಂತಿತೆ?

ಉಪಾಧ್ಯಾಯ: ಕಡಲು ದಾಟಿತು. ಫೋರ್ಟ್ಸ್‌ಹೈಮಿನವನೇ ಆದ ಎರ್ನ್ಸ್ಟ್ ಮೂರ್ಲೆ ಲಂಡನ್ನಿನಲ್ಲಿ ಮೂರ್ಲ್ ಬೆನೆಟ್ ಎಂಬ ಹೆಸರಿನಲ್ಲಿ ಅಂಗಡಿ ತೆರೆದಿದ್ದನು. ಫಾರ್ನರನ ಒಡವೆಗಳು ಅಲ್ಲಿ ಆ ಅಂಗಡಿಯ ಮುದ್ರೆಯನ್ನು ಹೊತ್ತು ಇಂಗ್ಲಿಷ್ ಸ್ತ್ರೀಯರನ್ನು ಸೇರಿದವು. 1914ರ ಮಹಾಯುದ್ಧ ಆ ದಾರಿಯನ್ನು ಮುಚ್ಚಿತು. ಆ ನಡುವೆ 1907ರಲ್ಲಿ ಮ್ಯೂನಿಕ್ಕಿನಲ್ಲಿ ವೆರ್ಕ್‌ಬುಂಟ್ ಎಂಬ ಸಂಘ ಹುಟ್ಟಿ, ಕಲಾವಿದನೂ ಕಾರ್ಖಾನೆಯೂ ಕೈಜೋಡಿಸಿದರಲ್ಲದೆ ನಿತ್ಯಬಳಕೆಯ ಸರಕಿಗೆ ಘನತೆ ಬಾರದೆಂದು ಸಾರಿತು. ಅವರು ಸಾರಿದುದನ್ನು ಫಾರ್ನರನು ಹಲವು ವರ್ಷ ಮೊದಲೇ ತನ್ನ ಕುಲುಮೆಯ ಮುಂದೆ ಮಾಡಿ ತೋರಿಸಿದ್ದನು. ಯುದ್ಧ ಮುಗಿದ ಮರುವರ್ಷವೇ ಅವನು ತೀರಿಕೊಂಡನು.

ಅಕ್ಕಸಾಲಿ: ಅಲ್ಲಿಗೆ ಎಲ್ಲವೂ ಮುಗಿಯಿತೆ?

ಉಪಾಧ್ಯಾಯ: ಮುಗಿಯಬಹುದಾಗಿತ್ತು. ಗುಸ್ತಾವ್ ಬ್ರೆಂಡ್ಲೆ ಎಂಬವನು ಉದ್ಯಮವನ್ನು ಕೊಂಡನು. ಕೊಂಡವನು ಹಳೆಯ ಹೆಸರನ್ನು ಅಳಿಸಿ ತನ್ನದನ್ನು ಕೆತ್ತುವುದು ಸಹಜ. ಬ್ರೆಂಡ್ಲೆ ತನ್ನನ್ನು ಫಾರ್ನರನ ಉತ್ತರಾಧಿಕಾರಿಯೆಂದು ಕರೆದುಕೊಂಡು, ಅದೇ ಎರಡಕ್ಷರದ ಮುದ್ರೆಯನ್ನು ಒತ್ತುತ್ತ ಹೋದನು. ಕಾಲ ಬದಲಾಗಿದ್ದಿತು, ಬಳ್ಳಿಯ ಬಳುಕು ಹೋಗಿ ಚೌಕ, ತ್ರಿಕೋನ, ಮೆಟ್ಟಿಲುಗಳ ರೇಖಾಗಣಿತ ಬಂದಿತು, ಹೆಂಗಸರು ಕೂದಲನ್ನು ಮೊಟಕುಗೊಳಿಸಿ ಉದ್ದನೆಯ ಓಲೆಗಳನ್ನು ತೊಟ್ಟರು. 1920ರ ದಶಕದ ಫಾರ್ನರ್ ಒಡವೆಗಳಲ್ಲಿ ಬೆಳ್ಳಿಯ ಮೇಲೆ ಮಂಕಾದ ಚಿನ್ನದ ಲೇಪ, ಗಾಢವರ್ಣದ ಮೀನಾ, ಹವಳ, ಕಪ್ಪು ಓನಿಕ್ಸ್, ಅಮೆಜೊನೈಟ್, ಸ್ಫಟಿಕ, ಅಂಚಿಗೆ ಮಾರ್ಕಸೈಟ್ ಎಂದು ಕರೆಯುವ, ನಿಜವಾಗಿ ಪೈರೈಟ್ ಖನಿಜವೇ ಆದ, ಮಿಣುಕುವ ಸಣ್ಣ ಹರಳುಗಳ ಸಾಲು. ಮುಂದೆ 1930ರ ದಶಕದಲ್ಲಿ ತಂತಿಯ ಜಾಲರಿ ಕೆಲಸ. ರೂಪ ಪೂರ್ತಿಯಾಗಿ ಬೇರೆಯಾದರೂ ಮೂಲದ ನಂಬಿಕೆ ಬದಲಾಗಲಿಲ್ಲ: ಬೆಲೆಯಲ್ಲಿ ಮಿತ, ಮಾಟದಲ್ಲಿ ಅಮಿತ.

ಅಕ್ಕಸಾಲಿ: ಆಮೇಲೆ ಎರಡನೆಯ ಯುದ್ಧ ಬಂದಿತಲ್ಲ.

ಉಪಾಧ್ಯಾಯ: ಅದನ್ನು ಹೇಳಲು ನಾಲಗೆ ತಡೆಯುತ್ತದೆ. 1945ರ ಫೆಬ್ರವರಿ 23ರ ಸಂಜೆ ವಿಮಾನಗಳು ಬಂದು, ಸುಮಾರು 20 ನಿಮಿಷಗಳಲ್ಲಿ ಆ ನಗರವನ್ನು ಬೆಂಕಿಗೆ ಒಪ್ಪಿಸಿ ಹೋದವು. ಸತ್ತವರು ಸುಮಾರು 17,600 ಮಂದಿ. ಇನ್ನೂರು ವರ್ಷಗಳ ಅಚ್ಚುಗಳೂ ಉಪಕರಣಗಳೂ ಕಲಿತ ಕೈಗಳೂ ಒಂದೇ ರಾತ್ರಿಯಲ್ಲಿ ಬೂದಿಯಾದವು. ಊರಿನ ಅವಶೇಷಗಳನ್ನು ಹೊತ್ತು ಹಾಕಿದ ವಾಲ್‌ಬೆರ್ಗ್ ಎಂಬ ಬೆಟ್ಟ ಇಂದಿಗೂ ಊರಿನ ಮೇಲೆ ನಿಂತಿದೆ. ಆದರೂ ಉಳಿದವರು ಮತ್ತೆ ಕುಲುಮೆ ಹೊತ್ತಿಸಿದರು. ಬ್ರೆಂಡ್ಲೆ 1952ರಲ್ಲಿ ತೀರಿಕೊಂಡ ಮೇಲೆ ಅವನ ಮಗ ಹೆರ್ಬರ್ಟ್ ಕೆಲಸವನ್ನು ಮುಂದುವರಿಸಿ, 1979ರಲ್ಲಿ ಬಾಗಿಲು ಮುಚ್ಚಿದನು. ಫಾರ್ನರನ ಮುದ್ರೆಯು ಫಾರ್ನರನಿಗಿಂತ ಸರಿಯಾಗಿ 60 ವರ್ಷ ಹೆಚ್ಚು ಬದುಕಿತು. 1961ರಲ್ಲಿ ಆ ನಗರದವರು ರಾಯ್‌ಖ್ಲಿನ್ ಭವನವನ್ನು ಕಟ್ಟಿ ಆಭರಣಗಳ ಸಂಗ್ರಹಾಲಯಕ್ಕೆ ಅಲ್ಲಿ ನೆಲೆಯೊದಗಿಸಿದರು. ಆ ಭವನವನ್ನು ಹೊಕ್ಕವನಿಗೆ, ಒಡವೆಯನ್ನು ಮಾಡುವ ಊರು ಒಡವೆಯನ್ನು ಏಕೆ ಇಷ್ಟು ಭಕ್ತಿಯಿಂದ ಕಾಯುವುದೆಂಬುದು ಕೇಳದೆಯೇ ತಿಳಿಯುತ್ತದೆ.

ಅಕ್ಕಸಾಲಿ: ತಮ್ಮ ಮಾತುಗಳಿಂದ ನನ್ನ ಸಂದೇಹಗಳು ಬಹುಮಟ್ಟಿಗೆ ಕರಗಿದವು, ಒಂದು ನೋವು ಮಾತ್ರ ಉಳಿಯಿತು. ಹಿಂಬದಿಯಲ್ಲಿ ಒಡೆಯನ ಮುದ್ರೆಯಿದೆ, ಕಲ್ಪಿಸಿದವನ ಮುದ್ರೆಯಿದೆ. ಬೆಳಗಿನ ಜಾವದಲ್ಲಿ ಮೊಳೆಯ ಜೋಡು ಮೆಟ್ಟಿ ನಡೆದುಬಂದು, ಅಚ್ಚನ್ನು ಒತ್ತಿ, ಅಂಚನ್ನು ಅರದಿಂದ ಉಜ್ಜಿ, ಕಲ್ಲು ಕೂರಿಸಿ, ಮೆರುಗು ಕೊಟ್ಟವನ ಗುರುತೆಲ್ಲಿ? ಕಲ್ಲಿನ ಸುತ್ತಣ ಆ ಅಂಚನ್ನು ನೋಡಿ. ಎಲ್ಲಿಯೂ ಒತ್ತಡ ಹೆಚ್ಚಿಲ್ಲ, ಎಲ್ಲಿಯೂ ಕಡಿಮೆಯಿಲ್ಲ. ಅದು ಯಂತ್ರದಿಂದ ಬರುವುದಲ್ಲ. ಇಪ್ಪತ್ತು ವರ್ಷ ಅದನ್ನೇ ಮಾಡಿದ ಬೆರಳುಗಳಿಂದ ಬರುತ್ತದೆ.

ಉಪಾಧ್ಯಾಯ: ಈ ಮಾತಿಗೆ ನನ್ನಲ್ಲಿ ಸಮಾಧಾನವಿಲ್ಲ, ಇರಬಾರದು ಕೂಡ. ಫಾರ್ನರನು ನ್ಯಾಯದ ದಾರಿಯಲ್ಲಿ ಒಂದು ಹೆಜ್ಜೆ ಮುಂದಿಟ್ಟನು, ಕಲಾವಿದನ ಹೆಸರನ್ನು ಬೆಳ್ಳಿಯ ಮೇಲೆ ಒತ್ತಿದನು. ಎರಡನೆಯ ಹೆಜ್ಜೆ ಇಡಬೇಕಾದವರು ಅವನ ಅನಂತರದವರು, ಅಂದರೆ ನಾವು. ಹೆಸರು ಒತ್ತದಿದ್ದರೂ ಆ ಕೈಯನ್ನು ತಾವು ಚಿತ್ರದಿಂದಲೇ ಗುರುತಿಸಿದಿರಿ. ನೂರು ವರ್ಷಗಳಾಚೆಯ ಒಬ್ಬ ಅನಾಮಿಕ ಕೆಲಸಗಾರನಿಗೆ ಇನ್ನೊಬ್ಬ ಕೆಲಸಗಾರನು ಸಲ್ಲಿಸಿದ ಮರ್ಯಾದೆ ಅದು.

ಅಕ್ಕಸಾಲಿ: ಹಾಗಾದರೆ ನನ್ನ ತೀರ್ಮಾನವನ್ನು ಹೇಳಿಬಿಡುತ್ತೇನೆ. ತಕ್ಕಡಿಯನ್ನು ನಾನು ಬಿಡುವವನಲ್ಲ. ಕೊಳ್ಳುವವರ ಹಣಕ್ಕೆ ಅದು ರಕ್ಷೆ. ಆದರೆ ತೂಕ ಲೋಹದ ಬೆಲೆಯನ್ನು ಮಾತ್ರ ಹೇಳುತ್ತದೆ. ಮನುಷ್ಯನ ಬೆಲೆಯನ್ನು ಹೇಳುವುದು ಮಾಟ. ಒಡವೆಯನ್ನು ಕೊಳ್ಳುವವರು ಅದನ್ನು ತೂಗಿಸಿ, ಒರೆಹಚ್ಚಿಸಿ ಆದ ಮೇಲೆ, ಒಮ್ಮೆ ಅಂಗೈಯ ಮೇಲೆ ಹೊರಳಿಸಿ ಅದರ ಹಿಂಬದಿಯನ್ನು ನೋಡಲಿ. ಮುದ್ರೆಯಿದ್ದರೆ ಓದಲಿ, ಇಲ್ಲದಿದ್ದರೆ ಇದನ್ನು ಮಾಡಿದವರು ಯಾರೆಂದು ಕೇಳಲಿ.